ಹಿಂದಿನ ಚಕ್ರದ ಕಮಾನು

ಮೋಟಾರು ಗಾಡಿಯನ್ನು ಕೊಳ್ಳಲು ಹೋದವರು ಅದರ ಬಣ್ಣವನ್ನು ನೋಡುವರು; ಎಂಜಿನ್ನಿನ ಶಕ್ತಿಯನ್ನು ವಿಚಾರಿಸುವರು; ಆಸನದ ಮೆತ್ತೆಯನ್ನು ಕೈಯಿಂದ ಒತ್ತಿ ಪರೀಕ್ಷಿಸುವರು. ಬಗ್ಗಿ ಹಿಂದಿನ ಚಕ್ರಗಳ ನಡುವೆ ಕಣ್ಣು ಹಾಯಿಸುವವರು ವಿರಳ. ಹಾಯಿಸಿದರೂ ಅಲ್ಲಿ ಕಾಣುವುದು ಕೆಸರು ಮೆತ್ತಿದ ಕೆಲವು ಉಕ್ಕಿನ ಪಟ್ಟಿಗಳು, ಇಲ್ಲವೆ ಒಂದು ಸುರುಳಿ, ಅದರ ಮಗ್ಗುಲಲ್ಲಿ ಕೊಳವೆಯಂಥ ಒಂದು ಸಾಧನ, ನಾಲ್ಕಾರು ಬೋಲ್ಟುಗಳು, ಒಂದಿಷ್ಟು ರಬ್ಬರು. ನೋಡುವುದಕ್ಕೆ ಇದರಲ್ಲಿ ಅಂದವೇನೂ ಇಲ್ಲ. ಆದರೂ ಗಾಡಿಯ ಹಿಂಭಾಗದ ಭಾರವೆಲ್ಲ ನಿಂತಿರುವುದು ಇದರ ಮೇಲೆಯೇ. ಇದಕ್ಕೆ ಸಸ್ಪೆನ್ಷನ್ ಎಂದು ಹೆಸರು. ತೂಗುಹಾಕುವುದು ಎಂಬುದು ಆ ಮಾತಿನ ಮೂಲಾರ್ಥ. ಉಕ್ಕಿನ ಮೇಲೆ ಕುಳಿತಿರುವ ಗಾಡಿಗೆ ತೂಗುವ ಮಾತು ಹೇಗೆ ಬಂದಿತೆಂಬುದೇ ಒಂದು ಚರಿತ್ರೆ.

ಗ್ಯಾರೇಜಿನಲ್ಲಿ ಬಲ್ಲ ಮೇಸ್ತ್ರಿಯೊಬ್ಬನು ಈ ಭಾಗಗಳನ್ನು ಕಳಚಿ, ಪರೀಕ್ಷಿಸಿ, ಮತ್ತೆ ಜೋಡಿಸುವಾಗ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸುತ್ತಾನೆ. ಎಡದ ಕಮಾನು ಮುರಿದರೆ ಬಲದ್ದನ್ನೂ ಬದಲಾಯಿಸಬೇಕೆನ್ನುತ್ತಾನೆ. ಕೆಲವು ಬೋಲ್ಟುಗಳನ್ನು ಗಾಡಿ ನೆಲಕ್ಕಿಳಿಯುವವರೆಗೆ ಬಿಗಿಮಾಡಲೊಲ್ಲನು. ಅರಿಯದವರಿಗೆ ಇದು ಹಟವೆಂದೋ ಹಣ ಕೀಳುವ ಉಪಾಯವೆಂದೋ ತೋರಬಹುದು. ಆದರೆ ಈ ನಿಯಮಗಳಲ್ಲಿ ಒಂದೊಂದರ ಹಿಂದೆಯೂ ಹಿಂದಿನವರು ಅನುಭವಿಸಿದ ಒಂದೊಂದು ಕಷ್ಟವಿದೆ. ಆ ಕಷ್ಟಗಳ ಕಥೆಯನ್ನು ತಿಳಿದರೆ ನಿಯಮಗಳ ಅರ್ಥ ತಾನೇ ತಿಳಿಯುವುದು.

ನಮ್ಮ ಎತ್ತಿನ ಗಾಡಿಯಲ್ಲಿ ಮೂಕಿಯೂ ಹಾಸೂ ನೇರವಾಗಿ ಅಚ್ಚಿನ ಮೇಲೆ ಕುಳಿತಿರುತ್ತವೆ. ಚಕ್ರ ಹಳ್ಳಕ್ಕಿಳಿದರೆ ಕುಳಿತವನ ಬೆನ್ನೂ ಹಳ್ಳಕ್ಕಿಳಿಯುವುದು. ಎತ್ತಿನ ನಡಿಗೆ ನಿಧಾನವಾದುದರಿಂದ ಅದನ್ನು ಸಹಿಸಬಹುದು. ಕುದುರೆಗಳು ಓಡತೊಡಗಿದಾಗ ಸಹಿಸಲಾಗಲಿಲ್ಲ. ಆಗ ಯೂರೋಪಿನ ಗಾಡಿಗಾರರು ಪೆಟ್ಟಿಗೆಯನ್ನು ಅಚ್ಚಿನಿಂದ ಬೇರ್ಪಡಿಸಿ, ನಾಲ್ಕು ಮೂಲೆಗಳ ಕಂಬಗಳಿಗೆ ದಪ್ಪ ಚರ್ಮದ ಪಟ್ಟಿಗಳಿಂದ ತೊಟ್ಟಿಲಿನಂತೆ ತೂಗುಹಾಕಿದರು. ಸಸ್ಪೆನ್ಷನ್ ಎಂಬ ಹೆಸರು ಆ ತೊಟ್ಟಿಲಿನದು. ಕೋಚು ಎಂಬ ಮಾತು ಹಂಗೇರಿಯ ಕೋಚ್ ಎಂಬ ಹಳ್ಳಿಯ ಹೆಸರಿನಿಂದ ಬಂದುದು. ತೊಟ್ಟಿಲು ಗಾಡಿಯಲ್ಲಿ ಕುಲುಕಾಟ ತಗ್ಗಿತು. ಆದರೆ ಅದು ದೋಣಿಯಂತೆ ತೂಗಾಡಿ ಪ್ರಯಾಣಿಕರಿಗೆ ವಾಕರಿಕೆ ತರಿಸುತ್ತಿತ್ತು.

ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿದ್ವಾಂಸರು ಈ ವಿಷಯಕ್ಕೆ ಕೈಹಾಕಿದರು. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಅಧಿಕಾರಿಯು ೧೬೬೫ರಲ್ಲಿ ಕಮಾನು ಕಟ್ಟಿದ ಗಾಡಿಗಳ ಪ್ರಯೋಗಗಳನ್ನು ತಾನು ಹೋಗಿ ನೋಡಿದುದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಅವನ ಸಮಕಾಲೀನನಾದ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಕಮಾನಿನ ನಿಯಮವನ್ನು ಕಂಡುಹಿಡಿದು, ಇತರರು ಕದಿಯದಂತೆ ೧೬೭೬ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನ ರೂಪದಲ್ಲಿ ಪ್ರಕಟಿಸಿ, ೧೬೭೮ರಲ್ಲಿ ಅದನ್ನು ಬಿಡಿಸಿ ಹೇಳಿದನು. ಕಮಾನು ಎಷ್ಟು ಬಾಗುವುದೋ ಅದರ ಮರುಬಲವೂ ಅದೇ ಪ್ರಮಾಣದಲ್ಲಿ ಬೆಳೆಯುವುದು ಎಂಬುದೇ ಆ ನಿಯಮ. ಒಂದು ಮಿತಿಯನ್ನು ದಾಟಿ ಬಾಗಿಸಿದರೆ ಮಾತ್ರ ಕಮಾನು ಮೊದಲಿನ ಆಕಾರಕ್ಕೆ ಮರಳದು. ಹಳೆಯ ಗಾಡಿಯ ಹಿಂಭಾಗ ಕುಸಿದು ಕುಳಿತಿರುವುದನ್ನು ಕಂಡಾಗ, ಉಕ್ಕು ಈ ಮಿತಿಯ ಬಳಿ ಬಹುಕಾಲ ದುಡಿದಿದೆಯೆಂದು ತಿಳಿಯಬೇಕು.

ಗಾಡಿಯ ಕಮಾನಿಗೆ ನಾವು ಇಂದು ಬಲ್ಲ ರೂಪವನ್ನು ಕೊಟ್ಟವರಲ್ಲಿ ಲಂಡನ್ನಿನ ಒಬೇಡಯ ಎಲಿಯಟ್ ಎಂಬ ಗಾಡಿಗಾರನು ಮುಖ್ಯನು. ಅವನು ೧೮೦೪ರಲ್ಲಿ ಪೇಟೆಂಟು ಪಡೆದ ವಿಧಾನದಲ್ಲಿ, ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಎರಡು ಕಟ್ಟುಗಳನ್ನು ಎದುರುಬದುರಾಗಿ ಇಟ್ಟು ದೀರ್ಘವೃತ್ತಾಕಾರದ ಕಮಾನನ್ನು ಮಾಡಲಾಗುತ್ತಿತ್ತು. ಅದನ್ನು ಅಚ್ಚಿಗೂ ಪೆಟ್ಟಿಗೆಗೂ ನೇರವಾಗಿ ಕಟ್ಟಿದ್ದರಿಂದ, ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಕೂಡಿಸುತ್ತಿದ್ದ ಭಾರವಾದ ಮರದ ತೊಲೆ ಬೇಡವಾಯಿತು. ನಮ್ಮ ಗ್ಯಾರೇಜುಗಳಲ್ಲಿ ಈ ಪಟ್ಟಿಯನ್ನು ಇಂದಿಗೂ ಕಮಾನು ಪಟ್ಟಿಯೆಂದೇ ಕರೆಯುವರು. ಬಿಲ್ಲು ಎಂಬರ್ಥದ ಪಾರಸಿ ಮಾತು ಅದು. ಹೆಸರು ಬಹಳ ಒಪ್ಪುತ್ತದೆ.

ಒಂದೇ ದಪ್ಪ ಪಟ್ಟಿಯ ಬದಲು ಹಲವು ತೆಳು ಪಟ್ಟಿಗಳೇಕೆ? ಉಕ್ಕಿನ ಪಟ್ಟಿಯ ಬಿರುಸು ಅದರ ದಪ್ಪದ ಘನದಂತೆ ಹೆಚ್ಚುವುದು. ಎಂಟು ಪಟ್ಟಿಗಳ ಕಟ್ಟಿಗಿಂತ, ಅಷ್ಟೇ ದಪ್ಪದ ಇಡಿಯ ಉಕ್ಕಿನ ತುಂಡು ಅರವತ್ತನಾಲ್ಕು ಪಟ್ಟು ಬಿರುಸಾಗಿರುವುದು. ಅದು ಬಾಗುವುದಕ್ಕೆ ಮೊದಲೇ ಮುರಿದೀತು. ಬಿಡಿಬಿಡಿಯಾದ ಪಟ್ಟಿಗಳು ಒಂದರ ಮೇಲೊಂದು ಜಾರುತ್ತ ಸುಲಭವಾಗಿ ಬಾಗುವುವು. ಜಾರುವಾಗಿನ ಉಜ್ಜಾಟದಿಂದ ಕುಣಿತವೂ ಸ್ವಲ್ಪ ತಗ್ಗುವುದು. ಆದರೆ ತುಕ್ಕು ಹಿಡಿದು ಪಟ್ಟಿಗಳು ಅಂಟಿಕೊಂಡರೆ ಕಟ್ಟು ಇಡಿಯ ತುಂಡಿನ ಗುಣವನ್ನೇ ತಾಳತೊಡಗುವುದು. ಪರೀಕ್ಷಿಸುವವನು ಪಟ್ಟಿಗಳ ನಡುವಣ ತುಕ್ಕನ್ನು ಹುಡುಕುವುದು ಇದರಿಂದಲೇ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೋಟಾರು ಗಾಡಿ ಬಂದಿತು. ಅಲ್ಲಿಯವರೆಗೆ ಗಾಡಿಯನ್ನು ಎಳೆಯುತ್ತಿದ್ದುದು ಕುದುರೆ. ಹಿಂದಿನ ಚಕ್ರ ಸುಮ್ಮನೆ ಉರುಳುತ್ತಿತ್ತು. ಈಗ ಎಂಜಿನ್ನಿನ ಬಲವು ಹಿಂದಿನ ಅಚ್ಚಿಗೆ ಹೋಗಿ, ಅಲ್ಲಿಂದ ಗಾಡಿಯನ್ನು ಮುಂದಕ್ಕೆ ತಳ್ಳತೊಡಗಿತು. ಬ್ರೇಕು ಹಾಕಿದಾಗ ಅದೇ ಅಚ್ಚು ಗಾಡಿಯನ್ನು ಹಿಂದಕ್ಕೆ ಹಿಡಿಯಬೇಕಾಯಿತು. ಅನೇಕ ಗಾಡಿಗಳಲ್ಲಿ ಈ ತಳ್ಳಾಟವೂ ಎಳೆದಾಟವೂ ಪಟ್ಟಿಯ ಕಮಾನುಗಳ ಮೂಲಕವೇ ಗಾಡಿಗೆ ಮುಟ್ಟುವಂತೆ ಏರ್ಪಾಡಾಯಿತು. ಈ ಏರ್ಪಾಡಿಗೆ ಫ್ರಾನ್ಸಿನ ಹಾಚ್‌ಕಿಸ್ ಕಂಪನಿಯ ಹೆಸರು ಅಂಟಿಕೊಂಡಿದೆ. ಹೀಗೆ ಕುಳಿತವರ ಸುಖಕ್ಕೆಂದು ಹುಟ್ಟಿದ ಕಮಾನಿಗೆ ಭಾರ ಹೊರುವ, ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿರುವ, ಗಾಡಿಯನ್ನು ತಳ್ಳುವ ಮೂರು ಕೆಲಸಗಳು ಒಟ್ಟಿಗೆ ಬಿದ್ದವು. ಕುದುರೆಗಾಡಿಯ ಕಮಾನು ಮುರಿದರೆ ಗಾಡಿ ಒಂದು ಕಡೆ ವಾಲುತ್ತಿತ್ತು. ಮೋಟಾರಿನ ಕಮಾನು ಮುರಿದರೆ ಅಚ್ಚೇ ಸ್ಥಾನ ತಪ್ಪುವುದು. ಚಾಲಕನು ತಿರುಗಿಸದೆಯೇ ಗಾಡಿ ತಿರುಗುವುದು.

೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಗೂ ಹೆಚ್ಚಾಗಿ ತಯಾರಾದ ಫೋರ್ಡ್ ಕಂಪನಿಯ ಟಿ ಮಾದರಿಯ ಗಾಡಿಯಲ್ಲಿ ಹಿಂದಿನ ಕಮಾನು ಒಂದೇ. ಅದನ್ನು ಅಚ್ಚಿನ ಉದ್ದಕ್ಕೆ ಅಡ್ಡಲಾಗಿ ಇಟ್ಟಿದ್ದರು. ಅದಕ್ಕೆ ವೆನೇಡಿಯಂ ಬೆರೆಸಿದ ಗಟ್ಟಿ ಉಕ್ಕನ್ನು ಬಳಸಿದ್ದರು. ಹೊಲದ ದಾರಿಯಲ್ಲಿ ಒಂದು ಚಕ್ರ ದಿಬ್ಬದ ಮೇಲೆ, ಇನ್ನೊಂದು ಹಳ್ಳದಲ್ಲಿ ಇದ್ದರೂ ಗಾಡಿ ತಡೆದುಕೊಳ್ಳುತ್ತಿತ್ತು. ಬೆಲೆಯೂ ಕಡಿಮೆ, ರಿಪೇರಿಯೂ ಸುಲಭ.

ವೇಗ ಹೆಚ್ಚಿದಂತೆ ಮತ್ತೊಂದು ತೊಂದರೆ ತಲೆದೋರಿತು. ಕಮಾನು ಪೆಟ್ಟನ್ನು ನುಂಗುವುದಿಲ್ಲ, ಕೂಡಿಟ್ಟು ಹಿಂದಿರುಗಿಸುತ್ತದೆ. ಒಂದು ಗುಂಡಿ ದಾಟಿದ ಗಾಡಿ ಹಲವು ಸಲ ಕುಣಿಯುವುದು; ಪ್ರತಿ ಕುಣಿತದಲ್ಲಿಯೂ ಚಕ್ರದ ಹಿಡಿತ ನೆಲದಿಂದ ಸಡಿಲವಾಗುವುದು. ಈ ಕುಣಿತವನ್ನು ಅಡಗಿಸಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಟ್ರುಫೋ ಎಂಬಾತನು ಉಜ್ಜಾಟದ ಬಿಲ್ಲೆಗಳುಳ್ಳ ಒಂದು ಸಾಧನವನ್ನು ಮಾಡಿದನು. ಅಮೆರಿಕದ ಹಾರ್ಟ್‌ಫರ್ಡ್ ಎಂಬಾತನು ಅದನ್ನು ತಯಾರಿಸಿ ಪ್ರಚಾರಕ್ಕೆ ತಂದನು. ಮುಂದೆ ಫ್ರಾನ್ಸಿನವನೇ ಆದ ಹುದಾಯ್ ಎಂಬಾತನು ಎಣ್ಣೆಯನ್ನು ಸಣ್ಣ ರಂಧ್ರದ ಮೂಲಕ ನೂಕಿಸಿ ಕುಣಿತದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವ ಉಪಾಯವನ್ನು ಬಳಕೆಗೆ ತಂದನು. ಇಂದಿನ ಕೊಳವೆಯಾಕಾರದ ಷಾಕ್ ಅಬ್ಸಾರ್ಬರಿನ ತತ್ತ್ವವೂ ಇದೇ. ಅದರ ಎಣ್ಣೆ ಸೋರಿಹೋದರೆ ಹೊರಗೆ ಏನೂ ಮುರಿದಂತೆ ಕಾಣುವುದಿಲ್ಲ. ಆದರೆ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವವರು ಯಾರೂ ಇಲ್ಲದಂತಾಗುವುದು.

ಮುಂದಿನ ಕಮಾನಿಗೂ ಹಿಂದಿನ ಕಮಾನಿಗೂ ಹೊಂದಾಣಿಕೆ ಬೇಕೆಂಬುದನ್ನು ೧೯೩೦ರ ದಶಕದಲ್ಲಿ ಮಾರಿಸ್ ಆಲಿ ಎಂಬ ಇಂಗ್ಲಿಷ್ ಎಂಜಿನಿಯರು ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯಲ್ಲಿ ಪ್ರಯೋಗಗಳಿಂದ ತೋರಿಸಿದನು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಸಾಧಾರಣ ಗಾಡಿಯ ಮುಂದಿನ ಚಕ್ರ ತಾಗಿದ ದಿಬ್ಬವನ್ನು ಹಿಂದಿನ ಚಕ್ರವು ಸುಮಾರು ಒಂದು ಸೆಕೆಂಡಿನ ಏಳನೆಯ ಒಂದು ಭಾಗ ತಡವಾಗಿ ತಾಗುತ್ತದೆ. ಎರಡರ ಕಂಪನಗತಿಯೂ ಒಂದೇ ಆಗಿದ್ದರೆ ಮುಂಭಾಗ ಏಳುವಾಗ ಹಿಂಭಾಗ ಇಳಿದು, ಗಾಡಿ ಏತದಂತೆ ಆಡುವುದು. ಹಿಂದಿನ ಕಮಾನಿನ ಗತಿಯನ್ನು ಸ್ವಲ್ಪ ಚುರುಕುಮಾಡಿದರೆ, ತಡವಾಗಿ ಹೊರಟ ಹಿಂಭಾಗವು ಬೇಗನೆ ಮುಂಭಾಗವನ್ನು ಕೂಡಿಕೊಂಡು ಗಾಡಿ ಸಮನಾಗಿ ಏರಿಳಿಯುವುದು. ಆದುದರಿಂದ ಹಿಂದಿನ ಕಮಾನಿಗೆ ಇಷ್ಟಬಂದಷ್ಟು ಪಟ್ಟಿಗಳನ್ನು ಸೇರಿಸುವುದೂ ತೆಗೆಯುವುದೂ ಸಲ್ಲದು.

ಇನ್ನು ಅಚ್ಚಿನ ಮಾತು. ಹಿಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚು ಕೂಡಿಸಿದ್ದರೆ, ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ದೊಡ್ಡ ಗುಡಾಣವೂ ಚಕ್ರಗಳೊಡನೆ ಮೇಲೆಕೆಳಗೆ ಹಾರುತ್ತಿರುವುದು. ಭಾರ ಹೆಚ್ಚಾದಷ್ಟೂ ಚಕ್ರ ನೆಲವನ್ನು ಬಿಡುವುದು. ೧೮೯೦ರ ದಶಕದಲ್ಲಿ ಫ್ರಾನ್ಸಿನ ಷಾರ್ಲ್ ತ್ರೆಪಾರ್ದೂ ಎಂಬ ಎಂಜಿನಿಯರು ಆ ಗುಡಾಣವನ್ನು ಗಾಡಿಗೆ ಕಟ್ಟಿ, ಚಕ್ರಗಳನ್ನು ಹಗುರವಾದ ಬೇರೊಂದು ಅಚ್ಚಿನಿಂದ ಕೂಡಿಸಿದನು. ಅವನ ಕಂಪನಿಯು ಉಗಿಯನ್ನು ಬಿಟ್ಟು ಪೆಟ್ರೋಲಿನ ಕಡೆಗೆ ತಿರುಗಿದುದನ್ನು ಒಪ್ಪದೆ ಅವನು ೧೮೯೪ರಲ್ಲಿ ಹೊರಟುಹೋದನು. ಅಚ್ಚಿಗೆ ಮಾತ್ರ ಯಜಮಾನನಾದ ಕೌಂಟ್ ದ ದಿಯೋನನ ಹೆಸರು ಉಳಿಯಿತು. ಆಸ್ಟ್ರಿಯದ ಎಡ್ಮಂಡ್ ರುಂಪ್ಲರನು ೧೯೦೩ರಲ್ಲಿ ಇನ್ನೊಂದು ದಾರಿಯನ್ನು ಹಿಡಿದು, ಅಚ್ಚನ್ನು ಎರಡು ತುಂಡುಮಾಡಿ, ಪಕ್ಷಿಯ ರೆಕ್ಕೆಗಳಂತೆ ಒಂದೊಂದೂ ಪ್ರತ್ಯೇಕವಾಗಿ ಏರಿಳಿಯುವ ತೂಗಚ್ಚಿಗೆ ಪೇಟೆಂಟು ಪಡೆದನು. ಹಾನ್ಸ್ ಲೆಡ್ವಿಂಕನು ೧೯೨೩ರ ಟಾಟ್ರಾ ಗಾಡಿಯಲ್ಲಿಯೂ, ಬಳಿಕ ಫರ್ಡಿನಾಂಡ್ ಪೋರ್ಷೆಯು ಫೋಕ್ಸ್‌ವಾಗನ್ ಗಾಡಿಯಲ್ಲಿಯೂ ಈ ಬಗೆಯನ್ನೇ ಬಳಸಿದರು.

ತೂಗಚ್ಚಿನಲ್ಲಿ ಒಂದು ಅಪಾಯ ಅಡಗಿತ್ತು. ಗಾಡಿ ವೇಗವಾಗಿ ತಿರುಗುವಾಗ ಹೊರಬದಿಯ ಚಕ್ರವು ಗಾಡಿಯ ಅಡಿಗೆ ಮಡಿಚಿಕೊಂಡು, ಹಿಂಭಾಗವನ್ನು ಮೇಲಕ್ಕೆತ್ತಿ, ಟೈರಿನ ಅಂಚಿನ ಮೇಲೆ ನಿಲ್ಲುವ ಸಂಭವವಿತ್ತು. ಅಮೆರಿಕದಲ್ಲಿ ೧೯೫೯ರ ಕೊನೆಯಲ್ಲಿ ಮಾರಾಟಕ್ಕೆ ಬಂದ ಷೆವರ್ಲೆ ಕೋರ್ವೇರ್ ಗಾಡಿಯಲ್ಲಿ ಎಂಜಿನ್ನೂ ಹಿಂದೆ, ತೂಗಚ್ಚೂ ಹಿಂದೆ. ಅಪಾಯವನ್ನು ತಗ್ಗಿಸಲು ಮುಂದಿನ ಟೈರುಗಳಿಗೆ ೧೫ ಪೌಂಡು, ಹಿಂದಿನವಕ್ಕೆ ೨೬ ಪೌಂಡು ಗಾಳಿಯ ಒತ್ತಡ ಇರಬೇಕೆಂದು ಕಂಪನಿ ಹೇಳಿತ್ತು. ಆದರೆ ಎಲ್ಲ ಟೈರುಗಳಿಗೂ ಸಮನಾಗಿ ಗಾಳಿ ತುಂಬಿಸುವ ರೂಢಿಯುಳ್ಳ ಜನ ಇದನ್ನು ಎಷ್ಟರಮಟ್ಟಿಗೆ ನೆನಪಿಟ್ಟಾರು? ೧೯೬೪ರ ಮಾದರಿಗೆ ಒಂದು ಅಡ್ಡ ಕಮಾನನ್ನು ಕೂಡಿಸಿದರು. ೧೯೬೫ರ ಮಾದರಿಯಲ್ಲಿ ಹಿಂದಿನ ವ್ಯವಸ್ಥೆಯನ್ನೇ ಹೊಸದಾಗಿ ರಚಿಸಿದರು. ಅದೇ ೧೯೬೫ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲನು ಮೋಟಾರು ಕಂಪನಿಗಳ ಅಲಕ್ಷ್ಯವನ್ನು ಖಂಡಿಸಿ ಬರೆದ ಗ್ರಂಥದ ಮೊದಲ ಅಧ್ಯಾಯವೇ ಹಳೆಯ ಕೋರ್ವೇರಿನ ವಿಚಾರವಾಗಿತ್ತು. ಮರುವರ್ಷ, ೧೯೬೬ರಲ್ಲಿ, ಅಮೆರಿಕದ ಶಾಸನಸಭೆ ವಾಹನ ಸುರಕ್ಷತೆಗಾಗಿ ಕಾನೂನು ಮಾಡಿತು. ೧೯೭೨ರಲ್ಲಿ ಸರ್ಕಾರದ ಇಲಾಖೆಯೇ ಪರೀಕ್ಷಿಸಿ, ಆ ಗಾಡಿ ಅಂದಿನ ಇತರ ಗಾಡಿಗಳಿಗಿಂತ ಕೀಳಾಗಿರಲಿಲ್ಲವೆಂದು ವರದಿ ಮಾಡಿತು. ವಾದ ಇಂದಿಗೂ ಪೂರ್ತಿಯಾಗಿ ತಣಿದಿಲ್ಲ. ಯಾರ ಪಕ್ಷ ಸರಿಯಾದರೂ ಒಂದು ಮಾತು ನಿಶ್ಚಯ: ಹಿಂದಿನ ಚಕ್ರ ನೆಲದ ಮೇಲೆ ಹೇಗೆ ನಿಲ್ಲುವುದೆಂಬ ಪ್ರಶ್ನೆ ಪ್ರಾಣದ ಪ್ರಶ್ನೆಯೆಂದು ಜನಸಾಮಾನ್ಯರಿಗೆ ತಿಳಿದುದು ಆಗ.

ನಮ್ಮ ದೇಶದ ಕಥೆ ಸರಳವಾದುದು. ಇಲ್ಲಿಯೇ ಮೋಟಾರು ಗಾಡಿಗಳನ್ನು ತಯಾರಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿಯೇ ಯೋಜನೆ ಹಾಕಿ ಶ್ರಮಿಸಿದರು. ಮುಂದೆ ನಮ್ಮ ರಸ್ತೆಗಳನ್ನು ಬಹುಕಾಲ ಆಳಿದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಎರಡರಲ್ಲಿಯೂ ಹಿಂದಿನ ಅಚ್ಚು ಗಟ್ಟಿಯಾದ ಒಂದೇ ಅಚ್ಚು. ಕಮಾನುಗಳು ಎಲಿಯಟ್ಟನ ವಂಶದ ಪಟ್ಟಿ ಕಮಾನುಗಳು. ೧೯೫೦ರ ದಶಕದಲ್ಲಿ ಆರಂಭವಾದ ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಭಾರ ಹೊರುವ ಲಾರಿಗಳಲ್ಲಿ ಪಟ್ಟಿ ಕಮಾನು ಇನ್ನೂ ದುಡಿಯುತ್ತಿದೆ. ಸಣ್ಣ ಕಾರುಗಳಲ್ಲಿ, ೧೯೭೪ರ ಫೋಕ್ಸ್‌ವಾಗನ್ ಗಾಲ್ಫ್ ಮೊದಲಾದವು ಹಾಕಿಕೊಟ್ಟ ಮೇಲ್ಪಂಕ್ತಿಯಂತೆ, ತಿರುಚಿಕೊಳ್ಳಬಲ್ಲ ಒಂದು ತೊಲೆಯೂ ಎರಡು ಸುರುಳಿ ಕಮಾನುಗಳೂ ಸಾಮಾನ್ಯವಾಗಿವೆ.

ಈಗ ಗ್ಯಾರೇಜಿಗೆ ಹೋಗೋಣ. ಪಟ್ಟಿ ಕಮಾನಿನ ಗಾಡಿಯೊಂದು ಬಂದಿದೆಯೆಂದು ಇಟ್ಟುಕೊಳ್ಳಿ. ಬಲ್ಲವನು ಅದನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ತಡೆ ಕೊಟ್ಟು, ಕಳಚುವುದಕ್ಕೆ ಮುಂಚೆಯೇ ಎರಡು ಬದಿಗಳಲ್ಲಿಯೂ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಅಳೆದು ಬರೆದುಕೊಳ್ಳುವನು. ಬಳಿಕ ಗಾಡಿಯನ್ನೆತ್ತಿ, ಅದರ ಚೌಕಟ್ಟಿನ ಕೆಳಗೆ ಗಟ್ಟಿಯಾದ ಆಧಾರಗಳನ್ನು ಇಡುವನು. ಅಚ್ಚನ್ನು ಪ್ರತ್ಯೇಕವಾಗಿ ಜ್ಯಾಕಿನ ಮೇಲೆ ಹಿಡಿಯುವನು. ಜ್ಯಾಕೊಂದನ್ನೇ ನಂಬಿ ಗಾಡಿಯ ಕೆಳಗೆ ತೂರುವುದು ಸರ್ವಥಾ ಕೂಡದು. ಆಮೇಲೆ ಷಾಕ್ ಅಬ್ಸಾರ್ಬರನ್ನು ಬಿಡಿಸಿ, ಬ್ರೇಕಿನ ರಬ್ಬರು ನಳಿಗೆ ಎಳೆತ ಬೀಳದಂತೆ ನೋಡಿಕೊಂಡು, ಕಮಾನಿನ ಬಿಗಿ ಸಡಿಲುವವರೆಗೆ ಅಚ್ಚನ್ನು ಮೆಲ್ಲಗೆ ಇಳಿಸುವನು. ಹುಕ್ ಹೇಳಿದ ಮರುಬಲ ಇನ್ನೂ ಕಮಾನಿನಲ್ಲಿ ಇರುವಾಗ ಬೋಲ್ಟನ್ನು ಕಿತ್ತರೆ ಅದು ಕೈಯನ್ನೋ ಮುಖವನ್ನೋ ಹೊಡೆದೀತು. ಸುರುಳಿ ಕಮಾನಿನ ಗಾಡಿಗಳಲ್ಲಿ ಈ ಎಚ್ಚರಿಕೆ ಇಮ್ಮಡಿಯಾಗಬೇಕು. ಕಡೆಗೆ ಅಚ್ಚನ್ನು ಅಪ್ಪಿ ಹಿಡಿದಿರುವ ಯು-ಬೋಲ್ಟುಗಳನ್ನೂ, ಹಿಂದುಗಡೆಯ ತೂಗುಕೊಂಡಿಯನ್ನೂ, ಮುಂದಿನ ಕಣ್ಣಿನ ಬೋಲ್ಟನ್ನೂ ತೆಗೆದರೆ ಕಮಾನು ಕೈಗೆ ಬರುವುದು.

ಪರೀಕ್ಷೆಗೆ ಮೊದಲು ಅದನ್ನು ಚೆನ್ನಾಗಿ ತೊಳೆಯಬೇಕು; ಕೆಸರಿನ ಕೆಳಗಣ ಬಿರುಕು ಯಾರ ಕಣ್ಣಿಗೂ ಕಾಣದು. ಬಿರುಕು ಹೆಚ್ಚಾಗಿ ಹುಟ್ಟುವುದು ನಡುಬೋಲ್ಟಿನ ರಂಧ್ರದ ಸುತ್ತ, ಮತ್ತು ಮುಖ್ಯ ಪಟ್ಟಿಯ ಕಣ್ಣುಗಳ ಬಳಿ. ನಡುಬೋಲ್ಟು ನೋಡಲು ಸಣ್ಣದು. ಆದರೆ ಪಟ್ಟಿಗಳನ್ನು ಒಟ್ಟಾಗಿ ಹಿಡಿದು, ಅಚ್ಚಿನ ಕುಳಿಯಲ್ಲಿ ತಲೆಯಿಟ್ಟು, ಅಚ್ಚಿನ ಸ್ಥಾನವನ್ನು ಗೊತ್ತುಮಾಡುವುದು ಅದೇ. ಅದು ತುಂಡಾದರೆ ಒಂದು ಬದಿಯ ಚಕ್ರ ಹಿಂದೆ ಸರಿದು, ಗಾಡಿ ಏಡಿಯಂತೆ ಓರೆಯಾಗಿ ನಡೆಯುವುದು. ಎಡಬಲದ ಕಮಾನುಗಳನ್ನು ಪಕ್ಕಪಕ್ಕದಲ್ಲಿಟ್ಟು ಬಾಗನ್ನು ಹೋಲಿಸಬೇಕು. ಹೊಸದೊಂದು, ಕುಸಿದುದೊಂದು ಸೇರಿದರೆ ಗಾಡಿ ವಾಲುವುದು, ಹೊರೆಯೂ ಸಮನಾಗಿ ಹಂಚಿಕೆಯಾಗದು. ಜೋಡಿಯಾಗಿ ಬದಲಾಯಿಸಬೇಕೆಂಬ ಮೇಸ್ತ್ರಿಯ ಮಾತಿಗೆ ಕಾರಣ ಇದು. ಷಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆಯ ಪಸೆಯಿದೆಯೇ, ರಬ್ಬರು ಬುಷ್‌ಗಳು ಸೀಳಿವೆಯೇ, ಯು-ಬೋಲ್ಟಿನ ಮರೆಗಳು ಹಿಗ್ಗಿವೆಯೇ ಎಂಬುದನ್ನೂ ನೋಡಬೇಕು. ಒಮ್ಮೆ ಬಿಗಿದು ತೆಗೆದ ಯು-ಬೋಲ್ಟುಗಳ ಸ್ಥಾನದಲ್ಲಿ ಹೊಸವನ್ನೇ ಹಾಕುವುದು ಕ್ಷೇಮ.

ಜೋಡಿಸುವ ಕೆಲಸ ಹೆಚ್ಚುಕಡಿಮೆ ಇದರ ಹಿಮ್ಮುಖವಾದ ಕ್ರಮ. ನಡುಬೋಲ್ಟಿನ ತಲೆ ತನ್ನ ಕುಳಿಯಲ್ಲಿ ಸರಿಯಾಗಿ ಕುಳಿತಿದೆಯೆಂದು ಖಾತ್ರಿಮಾಡಿಕೊಂಡು, ಯು-ಬೋಲ್ಟುಗಳನ್ನು ಓರೆಕೋರೆಯಾಗಿ ಸ್ವಲ್ಪ ಸ್ವಲ್ಪವೇ, ತಯಾರಕರು ಹೇಳಿದ ಬಿಗಿಯವರೆಗೆ ತಿರುಗಿಸಬೇಕು. ರಬ್ಬರು ಬುಷ್ ಇರುವ ಕಡೆಯ ಬೋಲ್ಟುಗಳನ್ನು ಮಾತ್ರ ಆಗಲೇ ಬಿಗಿಮಾಡಬಾರದು. ಗಾಡಿ ಗಾಳಿಯಲ್ಲಿ ತೂಗುತ್ತಿರುವಾಗ ಅವನ್ನು ಬಿಗಿದರೆ, ಗಾಡಿ ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಂಡು, ನಿಂತಲ್ಲಿಯೂ ಬಿಡುವಿಲ್ಲದೆ ಸೆಳೆತಕ್ಕೆ ಸಿಕ್ಕಿ, ಬೇಗನೆ ಹರಿದುಹೋಗುವುದು. ಆದ್ದರಿಂದ ಗಾಡಿಯನ್ನು ತನ್ನ ಚಕ್ರಗಳ ಮೇಲೆ ನಿಲ್ಲಿಸಿ, ಎರಡು ಮೂರು ಸಲ ಒತ್ತಿ ಬಿಟ್ಟು, ಆ ಸಹಜ ಎತ್ತರದಲ್ಲಿ ಕೊನೆಯ ಬಿಗಿ ಕೊಡುವರು. ಬರೆದಿಟ್ಟ ಅಳತೆಯೊಡನೆ ಹೊಸ ಎತ್ತರವನ್ನು ಹೋಲಿಸುವರು. ಕೆಲವು ನೂರು ಮೈಲಿ ಓಡಿದ ಮೇಲೆ ಯು-ಬೋಲ್ಟುಗಳನ್ನು ಮತ್ತೊಮ್ಮೆ ನೋಡುವರು. ಪಟ್ಟಿಗಳು ಒಂದರ ಮೇಲೊಂದು ಕುಳಿತ ಬಳಿಕ ಬಿಗಿ ಸಡಿಲುವುದು ಸಹಜ.

ಚರ್ಮದ ತೊಟ್ಟಿಲಿನಿಂದ ಇಂದಿನ ತಿರುಚು ತೊಲೆಯವರೆಗೆ ಅನೇಕ ಜಾಣರು ಈ ಭಾಗಕ್ಕೆ ಬುದ್ಧಿಯನ್ನು ಧಾರೆಯೆರೆದಿದ್ದಾರೆ. ಆದರೆ ಎಷ್ಟು ಉತ್ತಮವಾದ ರಚನೆಯೂ ಒಂದು ಸಣ್ಣ ಬೋಲ್ಟಿನ, ಒಂದು ಹಿಡಿ ರಬ್ಬರಿನ ಕ್ಷೇಮದ ಮೇಲೆ ನಿಂತಿರುತ್ತದೆ. ಅವು ಕೆಟ್ಟಾಗ ಎಂಜಿನ್ನಿನಂತೆ ಕೂಗಿ ಹೇಳುವುದಿಲ್ಲ. ಗಾಡಿಯನ್ನು ರಿಪೇರಿಗೆ ಬಿಟ್ಟಾಗ ಮಾಲೀಕರು ಲೆಕ್ಕದ ಚೀಟಿಯನ್ನು ಮಾತ್ರ ನೋಡಿ ಹಿಂದಿರುಗುವುದು ವಾಡಿಕೆ. ಅದರ ಬದಲು ಕಳಚಿಟ್ಟ ಕಮಾನನ್ನೂ ಬುಷ್‌ಗಳನ್ನೂ ಬೆಳಕಿಗೆ ಹಿಡಿದು ತೋರಿಸೆಂದು ಮೇಸ್ತ್ರಿಯನ್ನು ಕೇಳಬೇಕು. ಒಳ್ಳೆಯ ಮೇಸ್ತ್ರಿಗೆ ಇದರಿಂದ ಬೇಸರವಾಗದು. ಹಿಂದಿನ ಆಸನದಲ್ಲಿ ಕುಳಿತು ಹೋಗುವವರು ಸಾಮಾನ್ಯವಾಗಿ ಮನೆಯ ಮಕ್ಕಳೂ ವೃದ್ಧರೂ ಆಗಿರುವುದರಿಂದ, ಅವರ ಕೆಳಗೆ ಏನಿದೆಯೆಂಬುದನ್ನು ವರ್ಷಕ್ಕೊಮ್ಮೆಯಾದರೂ ನೋಡಿಸುವುದು ಗಾಡಿಯುಳ್ಳವರ ಕರ್ತವ್ಯವಾಗಿದೆ.